ಖಾಲಿ ಡಬ್ಬಿಗಳು

ಅತ್ತೆಯವರ ಮೊದಲ ಪುಟದಲ್ಲಿ ಒಂದೇ ಸಾಲು ಹತ್ತೊಂಬತ್ತು ಸಲ ಅಚ್ಚಾಗಿತ್ತು.

‘ನಾನು ಪ್ರೆಸ್ಸಿಗೆ ಹೋದದ್ದು ಶ್ರಾವಣದ ಎರಡನೆಯ ಸೋಮವಾರ.’ ಅದರ ಕೆಳಗೆ ಮತ್ತೆ ಅದೇ ಸೋಮವಾರ. ಅದರ ಕೆಳಗೂ ಅದೇ. ಪುಟ ಮುಗಿಯುವವರೆಗೂ ಮಂಗಳವಾರ ಬರಲೇ ಇಲ್ಲ.

ಆ ಪುಟವನ್ನು ಕಟ್ಟಿದ ಸಲಕರಣೆಗಳನ್ನು ಒಂದಕ್ಕೊಂದು ಜೋಡಿಸಿದವಳು ನಾನೇ. ಹಾಗಾಗಿ ಅದನ್ನು ಕೈಯಲ್ಲಿ ಹಿಡಿದುಕೊಂಡಾಗ ನನಗಾದದ್ದು ದುಃಖವೋ ನಾಚಿಕೆಯೋ ಹೇಳಲಾರೆ.

ನಾನು ಕೆಲಸ ಮಾಡುವುದು ಗದಗಿನ ಜನ ‘ಮಾತಿನ ದವಾಖಾನಿ’ ಎಂದು ಕರೆಯುವ ಆಸ್ಪತ್ರೆಯಲ್ಲಿ. ಲಕ್ವಾ ಹೊಡೆದು ಮಾತು ಕಳೆದುಕೊಂಡವರ ಹಣೆಗೆ ಅಲ್ಲಿ ನಾಲ್ಕು ಬೆರಳಗಲದ ಒಂದು ಬೂದು ಪಟ್ಟಿ ಕಟ್ಟುತ್ತಾರೆ. ಮಾತು ನಾಲಿಗೆಗೆ ಬರುವ ಮೊದಲು ಮಿದುಳು ಅದನ್ನು ಅಡುಗೆಮನೆಯ ಸಾಮಾನಿನ ಹಾಗೆ ಜೋಡಿಸಿಟ್ಟುಕೊಳ್ಳುತ್ತದಂತೆ. ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿ, ಅದರೊಳಗೆ ಇನ್ನೂ ಸಣ್ಣದು. ಪ್ರತಿಯೊಂದರ ಮೇಲೂ ಒಂದು ಚೀಟಿ: ಇದು ಊರಿನ ಹೆಸರು, ಇದು ನಡೆದ ಸಂಗತಿ, ಇದು ಪ್ರಶ್ನೆ, ಇದು ಬೈಗುಳ. ಲಕ್ವಾ ನಾಲಿಗೆಯ ದಾರಿಯನ್ನು ಮುರಿಯುತ್ತದೆಯೇ ಹೊರತು ಈ ಜೋಡಣೆಯನ್ನಲ್ಲ. ಪಟ್ಟಿ ಆ ಡಬ್ಬಿಗಳನ್ನು ಚೀಟಿ ಸಮೇತ ಹೊರಗೆ ತರುತ್ತದೆ.

ತಂದದ್ದನ್ನು ನಾವು ಕಚ್ಚಾ ಕಡತ ಎನ್ನುತ್ತೇವೆ. ಅದನ್ನು ಮನುಷ್ಯರು ಓದಲಾಗದು. ಮಾತಿಗಿಂತ ಚೀಟಿಯೇ ಹೆಚ್ಚಿರುತ್ತದೆ. ಅದನ್ನು ಪುಟವಾಗಿಸಲು ಮೂರು ಸಲಕರಣೆಗಳು ಬೇಕು. ಮೊದಲನೆಯದು, ತೆರೆದ ಪ್ರತಿ ಡಬ್ಬಿಯ ಮುಚ್ಚಳ ಮುಚ್ಚಿದೆಯೇ ಎಂದು ನೋಡುತ್ತದೆ. ಎರಡನೆಯದು ನಿಯಮದ ಹಾಳೆ: ಯಾವ ಚೀಟಿಯಿದ್ದರೆ ಹೇಗೆ ಕಾಣಬೇಕು ಎಂದು ಹೇಳುವುದು ಅದು. ಬೈಗುಳಕ್ಕೆ ದಪ್ಪಕ್ಷರ, ದೇವರ ಹೆಸರಿಗೆ ಹೊಸ ಸಾಲು, ಹೀಗೆ. ಮೂರನೆಯದು ಎಲ್ಲವನ್ನೂ ಅಂಚು ಬಿಟ್ಟು, ಪುಟಸಂಖ್ಯೆ ಹಾಕಿ ಕಾಗದಕ್ಕೋ ಫೋನಿನ ಪರದೆಗೋ ಇಳಿಸುತ್ತದೆ. ಇವನ್ನೆಲ್ಲ ಜೋಡಿಸಿ ಸುಗಮವಾಗಿ ಓಡುವಂತೆ ಮಾಡಲು ನನಗೆ ಮೂರು ವರ್ಷ ಹಿಡಿಯಿತು. ನಿಯಮದ ಹಾಳೆಯಲ್ಲಿ ನಾನೂರ ಹನ್ನೆರಡು ನಿಯಮಗಳಿವೆ. ಅವುಗಳಲ್ಲಿ ನನಗೆ ತುಂಬ ಹೆಮ್ಮೆಯಿದ್ದದ್ದು ಏಳನೆಯ ನಿಯಮದ ಮೇಲೆ. ‘ಒಳಗೆ ಏನೂ ಇಲ್ಲದ ಡಬ್ಬಿಯನ್ನು ತೆಗೆದುಹಾಕು. ಗುರುತಿಲ್ಲದ ಚೀಟಿಯಿದ್ದರೆ ಅದನ್ನೂ ತೆಗೆದುಹಾಕು.’ ಅದನ್ನು ಬರೆಯುವ ಮೊದಲು ನಮ್ಮ ಪುಟಗಳು ಇಲಿ ಕಡಿದಂತೆ ಬರುತ್ತಿದ್ದವು. ಬರೆದ ಮೇಲೆ ಸ್ವಚ್ಛವಾಗಿ ಬಂದವು. ಆ ದಿನ ಡಾಕ್ಟರು ವಿಭಾಗಕ್ಕೆಲ್ಲ ಪೇಡೆ ಹಂಚಿದ್ದರು.

ಮನೆಯಲ್ಲಿಯೂ ನಾನು ಹಾಗೆಯೇ. ಖಾಲಿ ಡಬ್ಬಿ ಕಂಡರೆ ನನಗಾಗದು. ಅತ್ತೆಗೆ ಅದನ್ನು ಎಸೆಯುವುದಾಗದು. ನಮ್ಮ ಅಟ್ಟದ ಮೇಲೆ ಮೂವತ್ತು ವರ್ಷದ ಖಾಲಿ ಡಬ್ಬಿಗಳಿದ್ದವು.

“ಖಾಲಿ ಐತಿ ಅಂತ ಎಸೀಬ್ಯಾಡ ನೀಲಾ,” ಎನ್ನುತ್ತಿದ್ದರು. “ಏನರ ಬರೂದೈತಿ ಅಂತಲೇ ಅದು ಖಾಲಿ ಇರೂದು.”

“ಮೂವತ್ತು ವರ್ಸಾತ್ರಿ ಅತ್ಯಾರ. ಬರೂದು ದಾರಿ ತಪ್ಪಿದಂಗ ಕಾಣತೈತಿ.”

“ಬರತೈತಿ. ನಿನಗೇನ ಅವಸರ?”

ನನ್ನ ಅತ್ತೆ ದಾಕ್ಷಾಯಣಿ ಸ್ಟೇಷನ್ ರಸ್ತೆಯ ಒಂದು ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಪ್ರೂಫ್ ಓದಿದವರು. ನಾನು ಸೊಸೆಯಾಗಿ ಬಂದ ನಾಲ್ಕನೆಯ ವರ್ಷ ಆ ಪ್ರೆಸ್ಸು ಮುಚ್ಚಿತು, ಆದರೆ ಅವರ ಮಾತಿನಲ್ಲಿ ಮುಚ್ಚಲಿಲ್ಲ. ಪ್ರತಿ ಸಂಜೆ ರೊಟ್ಟಿ ಬಡಿಯುತ್ತ ಪ್ರೆಸ್ಸಿನ ಸುದ್ದಿ ಹೇಳುತ್ತಿದ್ದರು. ನಾನು ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ನನ್ನ ಕೆಲಸ ಮಾಡುತ್ತ, ಮಧ್ಯೆ ಮಧ್ಯೆ ಹ್ಞೂಂ ಅನ್ನುತ್ತಿದ್ದೆ. ಕೇಳಿಸಿಕೊಳ್ಳುತ್ತಿರಲಿಲ್ಲ. ಅದನ್ನು ಈಗಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಅವರ ಎಂಬತ್ತನೆಯ ವರ್ಷದಲ್ಲಿ, ಯುಗಾದಿಯ ಮರುದಿನ, ಬೇವಿನ ಎಲೆ ಬಿಡಿಸುತ್ತ ಕುಳಿತವರು ವಾಲಿದರು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ನಮ್ಮ ಆಸ್ಪತ್ರೆಯಲ್ಲಿ ಸರದಿ ಹಚ್ಚಿ ಏಳು ತಿಂಗಳ ಮೇಲೆ ಪಟ್ಟಿ ಸಿಕ್ಕಿತು. ಕಟ್ಟಿದ ಮೊದಲ ದಿನವೇ ಈ ಹತ್ತೊಂಬತ್ತು ಸೋಮವಾರಗಳು.

ಡಾ. ಹಂಚಿನಮನಿ ಪುಟವನ್ನು ಕನ್ನಡಕದ ಮೇಲಿಂದ ನೋಡಿದರು. ಆಕೆ ನನಗಿಂತ ಎರಡು ವರ್ಷ ಚಿಕ್ಕವರು. ಆದರೂ ಒಂಟಿಯಾಗಿ ಸಿಕ್ಕಾಗ ನನ್ನನ್ನು ‘ನೀನು’ ಅನ್ನುವಷ್ಟು ಸಲಿಗೆ.

“ಇದಕ್ಕ ನಾವು ಜಾಡು ಹಿಡಿಯೂದು ಅಂತೀವಿ ನೀಲಾಂಬಿಕಾ. ಗ್ರಾಮಾಫೋನಿನ ಮುಳ್ಳು ಒಂದ ಗೆರಿಯಾಗ ಸಿಕ್ಕೊಂಡಂಗ.”

“ಅಂದ್ರ ಒಳಗ ಅತ್ತಿ ಇಲ್ಲೇನ್ರಿ?”

“ಇರಬಹುದು. ಹೊರಗ ಬರಾಕ ದಾರಿ ಇಲ್ಲ.” ಪುಟವನ್ನು ನನ್ನ ಕೈಗೆ ಕೊಡುತ್ತ ಹೇಳಿದರು, “ನಾಲ್ಕು ವಾರ ನೋಡೋಣು. ನಿಯಮ ನಿನಗೂ ಗೊತ್ತೈತಿ.”

ಗೊತ್ತಿತ್ತು. ಆಸ್ಪತ್ರೆಯಲ್ಲಿ ಇದ್ದದ್ದು ಹನ್ನೊಂದು ಪಟ್ಟಿ, ಕಾಯುತ್ತಿದ್ದವರು ನಲವತ್ತಾರು ಜನ. ನಾಲ್ಕು ವಾರದಲ್ಲಿ ರೋಗಿ ಹೊಸದೇನನ್ನಾದರೂ ಯೋಚಿಸುತ್ತಿದ್ದಾರೆ ಎಂಬುದಕ್ಕೆ ಪುಟದ ಮೇಲೆ ಸಾಕ್ಷಿ ಸಿಗದಿದ್ದರೆ ಪಟ್ಟಿ ಮುಂದಿನವರಿಗೆ ಹೋಗುತ್ತದೆ. ಕಾಯುವವರ ಯಾದಿಯನ್ನು ಅಚ್ಚು ಮಾಡುವವಳೂ ನಾನೇ. ಅತ್ತೆಯ ನಂತರದ ಹೆಸರು ರೋಣದ ಒಬ್ಬ ಶಾಲಾ ಶಿಕ್ಷಕಿಯದು. ವಯಸ್ಸು ಇಪ್ಪತ್ತೊಂಬತ್ತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ?

ಪುಟವನ್ನು ಮನೆಗೆ ಒಯ್ದು ಅತ್ತೆಗೆ ತೋರಿಸಿದೆ. ಅವರು ಹಣೆಗೆ ಪಟ್ಟಿ ಕಟ್ಟಿಕೊಂಡೇ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತಿದ್ದರು. ಪುಟವನ್ನು ನೋಡಿದರು, ಆಮೇಲೆ ನನ್ನ ಮುಖವನ್ನು ನೋಡಿದರು. ಏನನ್ನೋ ಕಾಯುವವರ ಹಾಗೆ ಬಹಳ ಹೊತ್ತು ನೋಡಿದರು. ನಂತರ ಎಡಗೈಯನ್ನು ಮೇಜಿನ ಮೇಲಿದ್ದ ಕೆಂಪು ಪೆನ್ಸಿಲ್ಲಿನ ಕಡೆಗೆ ಎಳೆದರು. ಎರಡು ಸಾಲುಗಳ ನಡುವೆ, ನಡುಗುವ ಎರಡು ಗೆರೆ. ತುದಿಯಲ್ಲಿ ಕೂಡಿದ್ದವು, ಮನೆಯ ಇಳಿಜಾರು ಸೂರಿನ ಹಾಗೆ.

“ಮನಿ ಏನ್ರಿ ಅತ್ಯಾರ? ಮನ್ಯಾಗ ಅದೀರಲ್ಲ.”

ಅವರು ಕಣ್ಣು ಮುಚ್ಚಿಕೊಂಡರು. ಹೊಸದಾಗಿ ಬಂದಾಗ ನಾನು ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ನಾದಿದ ದಿನ ಹೀಗೆಯೇ ಕಣ್ಣು ಮುಚ್ಚಿಕೊಂಡಿದ್ದರು.

ದಿನಕ್ಕೊಂದು ಪುಟ ಬರುತ್ತಿತ್ತು. ಪ್ರತಿ ಪುಟದಲ್ಲೂ ಅದೇ ಸಾಲು, ಅತ್ತೆಯ ಕೈಗೆ ಹೋದ ಮೇಲೆ ಸಾಲುಸಾಲಿನ ನಡುವೆ ಅದೇ ಕೆಂಪು ಸೂರು. ನಾನು ಬುದ್ಧಿವಂತಿಕೆ ಮಾಡಿ ಇನ್ನೊಂದು ನಿಯಮ ಸೇರಿಸಿದೆ: ಒಂದು ಸಾಲು ಮರುಕಳಿಸಿದರೆ ಎರಡನೆಯದನ್ನು ತೋರಿಸಬೇಡ. ಮರುದಿನದ ಪುಟ ಒಂದೇ ಸಾಲಿನೊಂದಿಗೆ ಬಂದಿತು. ಅತ್ತೆ ಅದರ ಕೆಳಗೆ ಗೆರೆ ಎಳೆದ ರಭಸಕ್ಕೆ ಪೆನ್ಸಿಲ್ಲಿನ ಮೊನೆ ಮುರಿಯಿತು. ಪುಟವನ್ನು ಕೆಳಗೆ ನೂಕಿದರು.

ನನ್ನ ಗಂಡ ಮಹಾಂತೇಶ ಚಹಾದ ಬಟ್ಟಲು ಇಡಲು ಬಂದವರು ಅದನ್ನು ಎತ್ತಿಕೊಂಡರು. ಅವರು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾರೆ.

“ಇದೇನು, ಅವ್ವ ಪ್ರೂಫ್ ತಿದ್ದ್ಯಾಳಲ್ಲ.”

“ಏನಂದ್ರಿ?”

“ನನ್ನ ಸಾಲಿ ಪುಸ್ತಕಕ್ಕೆಲ್ಲಾ ಅವ್ವ ಪ್ರೂಫಿನ ಹಾಳಿ ಹೊದಿಸಿ ಕೊಡ್ತಿದ್ಳು. ಅದರ ಮ್ಯಾಲೆಲ್ಲಾ ಈ ಗುರ್ತ ಇರ್ತಿತ್ತು. ಇಲ್ಲಿ ಏನೋ ಬಿಟ್ಟುಹೋಗೇತಿ ಅಂತ ಅದರರ್ಥ.”

“ಇಷ್ಟ ದಿನ ಯಾಕ ಹೇಳಲಿಲ್ರಿ?”

“ನೀ ತೋರಿಸಿದ್ಯೇನು? ಪುಟ ವಿಭಾಗದ ಮುಖ್ಯಸ್ಥಿ ನೀನು. ನಾ ನದಿ, ಗುಡ್ಡ ಕಲಿಸಾಂವ.”

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದವಳೇ ಅತ್ತೆಯ ಕಚ್ಚಾ ಕಡತವನ್ನು ತೆರೆದೆ. ಪುಟಗಳು ಚೆನ್ನಾಗಿ ಬರತೊಡಗಿದ ಮೇಲೆ ನಮ್ಮಲ್ಲಿ ಯಾರೂ ಕಚ್ಚಾ ಕಡತ ನೋಡುತ್ತಿರಲಿಲ್ಲ. ಅಲ್ಲಿ ಆ ಸೋಮವಾರದ ಸಾಲಿತ್ತು. ಅದರ ಮಗ್ಗುಲಿಗೆ ‘ಗುರುತಿಲ್ಲದ್ದು’ ಎಂಬ ಚೀಟಿಯ ಒಂದು ಡಬ್ಬಿ, ಅದರೊಳಗೆ ‘ಫುಲ್‌ಸ್ಟಾಪ್’ ಎಂಬ ಶಬ್ದ. ಚುಕ್ಕೆಯಲ್ಲ, ಶಬ್ದ. ಅದರಾಚೆ ಇನ್ನೊಂದು ಡಬ್ಬಿ. ಅದರ ಮುಚ್ಚಳ ತೆರೆದಿತ್ತು, ನಲವತ್ತೆರಡು ಸೆಕೆಂಡು ತೆರೆದೇ ಇತ್ತು, ಏನನ್ನೂ ತುಂಬಿಕೊಳ್ಳದೆ ಮುಚ್ಚಿತ್ತು. ಆಮೇಲೆ ಮತ್ತೆ ಸೋಮವಾರ. ಮತ್ತೆ ಖಾಲಿ ಡಬ್ಬಿ, ನಲವತ್ತು ಸೆಕೆಂಡು.

ಪಟ್ಟಿ ಮಿದುಳಿನ ಎಚ್ಚರವನ್ನೂ ಅಳೆದಿಡುತ್ತದೆ. ಸಾಲು ಹೊರಬರುವಾಗ ಇದ್ದದ್ದಕ್ಕಿಂತ ಆ ಖಾಲಿ ನಲವತ್ತು ಸೆಕೆಂಡುಗಳಲ್ಲಿ ಅತ್ತೆಯ ಎಚ್ಚರ ಹೆಚ್ಚಾಗಿತ್ತು.

ಅದೇನೆಂದು ನನಗೆ ತಿಳಿಯಲಿಲ್ಲ. ಏನೂ ಇಲ್ಲದ್ದಲ್ಲ ಎಂಬುದಷ್ಟೇ ತಿಳಿಯಿತು. ಹದಿನೆಂಟು ದಿನಗಳಿಂದ ಅದನ್ನು ಕಿತ್ತು ಎಸೆಯುತ್ತಿದ್ದದ್ದು ನನ್ನ ಹೆಮ್ಮೆಯ ಏಳನೆಯ ನಿಯಮ. ಅತ್ತೆ ತಮ್ಮ ಉಳಿದ ಒಂದೇ ಕೈಯಿಂದ, ಇಲ್ಲಿ ಬಿಟ್ಟುಹೋಗಿದೆ, ಇಲ್ಲಿ ಬಿಟ್ಟುಹೋಗಿದೆ ಎಂದು ತಿದ್ದಿ ಕಳಿಸುತ್ತಿದ್ದರು. ನಾನು ಮನೆ ಬೇಕೇ ಎಂದು ಕೇಳುತ್ತಿದ್ದೆ.

ಆ ನಿಯಮವನ್ನೂ, ಮರುಕಳಿಸಿದ ಸಾಲನ್ನು ಅಡಗಿಸುವ ನಿಯಮವನ್ನೂ ಅಳಿಸಿದೆ. ಖಾಲಿ ಡಬ್ಬಿ ಬಂದರೆ ಒಂದು ಚೌಕ ಬರೆದು ಅದರೊಳಗೆ ಅದು ತೆರೆದಿದ್ದ ಸೆಕೆಂಡುಗಳನ್ನು ಹಾಕು ಎಂದು ಹೊಸದನ್ನು ಬರೆದೆ. ಗುರುತಿಲ್ಲದ ಶಬ್ದವಿದ್ದರೆ ಇದ್ದ ಹಾಗೆಯೇ ಬಿಡು. ಪುಟ ಮತ್ತೆ ಇಲಿ ಕಡಿದಂತೆ ಬಂದಿತು. ಅದನ್ನೇ ಮಡಚಿಕೊಂಡು ಮನೆಗೆ ಹೋದೆ.

ಮನೆಯಲ್ಲಿ ಜೈತುನ್ ಮೌಶಿ ಬಂದು ಕುಳಿತಿದ್ದರು. ಬೆಟಗೇರಿಯ ಜೈತುನಬಿ, ಪ್ರೆಸ್ಸಿನಲ್ಲಿ ಅತ್ತೆಯ ಎದುರಿನ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು. ಮೊಣಕಾಲಿನ ನೋವು ಕಡಿಮೆಯಿದ್ದಾಗ ರಿಕ್ಷಾ ಹಿಡಿದು ಬರುತ್ತಿದ್ದರು. ಬರುವಾಗ ಅತ್ತೆಗೆ ಸೇರುತ್ತದೆಂದು ಶೇಂಗಾ ಚಟ್ನಿ ತರುತ್ತಿದ್ದರು. ಅದನ್ನು ಗಂಜಿಯಲ್ಲಿ ಕಲಸಿ ನಾಲಿಗೆಗೆ ಹಚ್ಚುತ್ತಿದ್ದರು.

“ಏನ್ ತಂಗಿ, ಮಾರಿ ಬಾಡೈತಿ. ದಾಕ್ಷಾ ಇನ್ನೂ ಅಲ್ಲೇ ನಿಂತಾಳೇನು?”

ನಾನು ಪುಟ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಹಳೆಯ ರೂಢಿಯಂತೆ ಬೆರಳು ಸಾಲಿನ ಕೆಳಗಿಟ್ಟು ಜೋರಾಗಿ ಓದಿದರು. “ನಾನು ಪ್ರೆಸ್ಸಿಗೆ ಹೋದದ್ದು ಶ್ರಾವಣದ ಎರಡನೆಯ ಸೋಮವಾರ ಫುಲ್‌ಸ್ಟಾಪ್.” ಬೆರಳು ಚೌಕದ ಮೇಲೆ ನಿಂತಿತು. ಮುಂದಿನ ಸಾಲು ನೋಡಿದರು. ಮತ್ತೆ ಚೌಕ. ಅತ್ತೆಯ ಕಡೆ ನೋಡಿದರು. ಆಮೇಲೆ ಅವರಿಗೆ ಎಂಥ ನಗು ಬಂದಿತೆಂದರೆ, ಹಲ್ಲಿನ ಸೆಟ್ಟನ್ನು ಕೈಯಿಂದ ಹಿಡಿದುಕೊಳ್ಳಬೇಕಾಯಿತು.

“ಯಾ ಅಲ್ಲಾ. ಇಕಿ ಓದಾಕತ್ತಾಳ. ನಿಮಗ್ಯಾರಿಗೂ ತಿಳೀಲಿಲ್ಲೇನು?”

“ಏನ್ ಓದಾಕತ್ತಾರ್ರಿ ಮೌಶಿ?”

“ಪ್ರೂಫ್ ಒಬ್ಬಾಕಿ ಓದೂದಲ್ಲವಾ. ಇಬ್ರು ಬೇಕು. ಒಬ್ಬಾಕಿ ಕೈಬರಹ ಹಿಡಕೊಂಡು ಜೋರಾಗಿ ಓದಬೇಕು, ಕಾಮಾ, ಫುಲ್‌ಸ್ಟಾಪ್, ಪ್ಯಾರಾ ಎಲ್ಲಾ ಬಾಯಿಲೆ ಹೇಳಬೇಕು. ಇನ್ನೊಬ್ಬಾಕಿ ಅಚ್ಚಾದ ಹಾಳಿ ನೋಡಬೇಕು. ಸಾಲು ಸರಿ ಇದ್ರ ಹ್ಞೂಂ ಅನಬೇಕು. ಹ್ಞೂಂ ಬರೂತನಕ ಓದೂಕಿ ಮುಂದಿನ ಸಾಲಿಗೆ ಹೋಗೂ ಹಂಗಿಲ್ಲ. ಬರಲಿಲ್ಲಂದ್ರ ಅದ ಸಾಲು ಮತ್ತ ಓದಬೇಕು. ಪಂಚಾಂಗ ಓದೂ ಮುಂದ ಮಾಲಕ್ರು ಅಂತಿದ್ರು, ಒಂದು ಘಳಿಗಿ ತಪ್ಪಿದ್ರ ಊರಾಗಿನ ಮದಿವ್ಯೆಲ್ಲಾ ತಪ್ಪತಾವು, ಹುಷಾರ ಅಂತ.” ಪುಟವನ್ನು ನನ್ನ ಮುಂದೆ ಹಿಡಿದರು. “ಪಾಪ, ಒಂದ ಸಾಲು ಎಷ್ಟ ಸಲ ಓದ್ಯಾಳ ನೋಡು. ಒಬ್ಬರರ ಹ್ಞೂಂ ಅಂದಿರೇನು?”

ಮೌಶಿ ಕುರ್ಚಿಯನ್ನು ಎಳೆದು ಅತ್ತೆಯ ಎದುರಿಗೆ ಇಟ್ಟುಕೊಂಡರು. ಸೆರಗು ಸರಿಮಾಡಿಕೊಂಡರು. ನಾನು ಫೋನಿನ ಪರದೆಯಲ್ಲಿ ಪಟ್ಟಿಯಿಂದ ಬರುವುದನ್ನು ನೇರವಾಗಿ ಕಾಣುವಂತೆ ತೆರೆದಿಟ್ಟೆ. ಸೋಮವಾರದ ಸಾಲು ಬಂದಿತು. ಚೌಕ ತೆರೆಯಿತು.

“ಹ್ಞೂಂ,” ಎಂದರು ಮೌಶಿ.

ಅತ್ತೆಯ ಹುಬ್ಬು ಮೇಲೇರಿತು. ಚೌಕ ಮುಚ್ಚಿತು. ‘ಮಳೆಯಲ್ಲಿ ಕಾಗದದ ಬಂಡಿ ತೊಯ್ದು ಮಾಲಕರು ಸಿಟ್ಟಾಗಿದ್ದರು ಫುಲ್‌ಸ್ಟಾಪ್.’

ನನ್ನ ಗಂಡ ಬಾಗಿಲಲ್ಲಿ ನಿಂತಿದ್ದವರು ಹಾಗೆಯೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

“ಹ್ಞೂಂ.”

‘ನನ್ನನ್ನು ಜೈತುನಬಿಯ ಎದುರಿಗೆ ಕೂಡಿಸಿದರು ಕಾಮಾ ಆಕೆ ನನ್ನ ಕಡೆ ನೋಡಲೇ ಇಲ್ಲ ಫುಲ್‌ಸ್ಟಾಪ್.’

“ನೋಡಿದ್ದೆ, ಸುಳ್ಳಿ,” ಎಂದರು ಮೌಶಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ತಿದ್ದು.”

ಅತ್ತೆ ಮೌಶಿಯ ಮುಖವನ್ನೇ ನೋಡಿದರು. ಆಮೇಲೆ ಬಂದಿತು: ‘ಆಕೆ ನನ್ನ ಕಡೆ ನೋಡಿದಳು ಕಾಮಾ ನಗಲಿಲ್ಲ ಫುಲ್‌ಸ್ಟಾಪ್.’

“ಹ್ಞೂಂ. ಅದು ಖರೆ.”

ಆ ದಿನ ಹನ್ನೊಂದು ಸಾಲು ಆದವು. ಪಟ್ಟಿಗೆ ಬರುತ್ತಿದ್ದದ್ದು ಅತ್ತೆಯ ಅಡುಗೆಮನೆಯ ಮಾತಲ್ಲ, ಅಚ್ಚಿನ ಕನ್ನಡ ಎಂಬುದನ್ನು ನಾನು ಅಂದೇ ಗಮನಿಸಿದ್ದು. ಅವರು ಒಳಗೆ ತಮ್ಮದೇ ಕೈಬರಹವನ್ನು ಹಿಡಿದುಕೊಂಡು ಕುಳಿತಿದ್ದರು.

ಇಷ್ಟಾದ ಮೇಲೆ ಉಳಿದದ್ದು ಸುಲಭವೆಂದು ನಾನು ತಿಳಿದೆ. ಸಲಕರಣೆ ಜೋಡಿಸುವವರ ಬುದ್ಧಿಯೇ ಹಾಗೆ. ಮೌಶಿಯ ಹ್ಞೂಂ ಅನ್ನು ಫೋನಿನಲ್ಲಿ ಹಿಡಿದುಕೊಂಡಿದ್ದೆ. ಖಾಲಿ ಡಬ್ಬಿ ತೆರೆದ ಮೂರು ಸೆಕೆಂಡಿಗೆ ಅದು ತಾನೇ ನುಡಿಯುವಂತೆ ಒಂದು ನಿಯಮ ಬರೆದೆ. ಮುಂದಿನ ಸೋಮವಾರ ಅತ್ತೆಯನ್ನು ಆಸ್ಪತ್ರೆಗೆ ಕರೆತಂದು ಡಾಕ್ಟರ ಎದುರಿಗೇ ಓಡಿಸಿದೆವು. ಸಾಲುಗಳು ಒಂದರ ಹಿಂದೆ ಒಂದು ಬಂದವು. ಕಾಗದದ ವಾಸನೆ, ಮಸಿಯ ಡಬ್ಬಿ, ಮೊದಲ ಪಗಾರದಲ್ಲಿ ಕೊಂಡ ಹಸಿರು ಸೀರೆ. ಡಾಕ್ಟರು ನನ್ನ ಭುಜ ತಟ್ಟಿದರು. ಅರವತ್ತನೆಯ ಸಾಲು ಹೀಗಿತ್ತು:

‘ಆ ವರ್ಷ ನಾವೆಲ್ಲರೂ ಗದಗಿನಿಂದ ಹುಬ್ಬಳ್ಳಿಗೆ ಹಡಗಿನಲ್ಲಿ ಹೋದೆವು ಫುಲ್‌ಸ್ಟಾಪ್.’

ಯಂತ್ರ ಹ್ಞೂಂ ಅಂದಿತು.

ಪರದೆ ನಿಂತುಹೋಯಿತು. ಅತ್ತೆ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿ, ಕಣ್ಣು ಮುಚ್ಚಿಕೊಂಡರು. ಎರಡು ನಿಮಿಷದ ಮೇಲೆ ಬಂದದ್ದು ಶ್ರಾವಣದ ಎರಡನೆಯ ಸೋಮವಾರ. ಅಲ್ಲಿಂದ ಮುಂದೆ, ಯಂತ್ರ ಎಷ್ಟು ಹ್ಞೂಂ ಅಂದರೂ, ಅದೊಂದೇ.

“ಹಡಗು,” ಎಂದರು ಡಾಕ್ಟರು ಮೆಲ್ಲಗೆ. “ನೀಲಾಂಬಿಕಾ, ಇದು ಮೊದಲಿಗಿಂತ ಒಳ್ಳೇದಂತ ನಾ ಹೇಳಲಾರೆ.”

“ಗದಗಿನಿಂದ ಹುಬ್ಬಳ್ಳಿಗೆ ಹಡಗು,” ಎಂದರು ನನ್ನ ಗಂಡ. “ಭೂಗೋಳ ಮಾಸ್ತರನ ತಾಯಿ.” ನಗಲು ನೋಡಿದರು. ಆಗದ್ದಕ್ಕೆ ಕಿಟಕಿಯ ಕಡೆ ತಿರುಗಿಕೊಂಡರು.

ನಾಲ್ಕು ವಾರ ಮುಗಿಯುವ ಶುಕ್ರವಾರ, ಪಟ್ಟಿ ಉಳಿಯಬೇಕೋ ಬೇಡವೋ ಎಂಬ ಪರೀಕ್ಷೆ ಇತ್ತು. ನಾನು ವರಾಂಡಕ್ಕೆ ಹೋಗಿ ಮೌಶಿಗೆ ಫೋನ್ ಮಾಡಿದೆ. ಹೇಳಿ ಮುಗಿಸುವ ಮೊದಲೇ ಅವರು ತಡೆದರು.

“ಹಡಗಿಗೆ ಹ್ಞೂಂ ಅಂದವರ್ಯಾರು?”

“ಯಂತ್ರಾರಿ. ನಿಮ್ಮ ದನಿಯೊಳಗ.”

“ನಾಚಿಕಿ ಇಲ್ಲ ನಿನಗ. ನನ್ನ ಹೆಸರು ಕೆಡಿಸಿದಿ.” ಅತ್ತ ಕಡೆ ಯಾರಿಗೋ ಸುಮ್ಮನಿರಲು ಹೇಳಿ ಮುಂದುವರಿಸಿದರು, “ಮಧ್ಯಾಹ್ನ ಊಟ ಆದಮ್ಯಾಲೆ ತೂಕಡಿಕಿ ಬರ್ತಿತ್ತವಾ. ಎದುರಿನಾಕಿ ಎಚ್ಚರ ಅದಾಳೋ, ಸುಮ್ಮನ ಬಾಯಿಲೆ ಹ್ಞೂಂ ಅನಾಕತ್ತಾಳೋ ನೋಡಬೇಕಲ್ಲ. ಅದಕ್ಕ ನಡುವ ಒಂದು ಇಲ್ಲದ ಸಾಲು ಸೇರಿಸಿ ಓದ್ತಿದ್ವಿ. ನಾ ಆಕಿಗೆ ಆನಿ ಹಾಕ್ತಿದ್ದೆ, ಆಕಿ ನನಗ ಹಡಗು. ಅದಕ್ಕ ಹ್ಞೂಂ ಅಂದ್ರ ಮುಗೀತು, ಅವತ್ತಿನ ಪ್ರೂಫೆಲ್ಲಾ ಮತ್ತ ಮೊದಲಿಂದ ಓದಬೇಕು.”

“ಶುಕ್ರವಾರ ನೀವು ಬರ್ತೀರೇನ್ರಿ ಮೌಶಿ?”

“ಮೊಮ್ಮಗಳ ನಿಖಾ ಐತಿ, ವಿಜಾಪುರದಾಗ ಇರ್ತೀನಿ. ನೀನ ಕೂಡು.”

“ನನ್ನ ಹ್ಞೂಂ ಅತ್ತಿ ನಂಬ್ತಾರೇನ್ರಿ?”

“ಕಿವಿಗೊಟ್ಟು ಕೂತ್ರ ನಂಬ್ತಾಳ,” ಎಂದು ಮೌಶಿ ಫೋನ್ ಇಟ್ಟರು.

ನಾನು ರಜೆ ಹಾಕಿ ಮೂರು ದಿನ ಮನೆಯಲ್ಲಿ ಅತ್ತೆಯ ಎದುರಿಗೆ ಕುಳಿತೆ. ಅದು ಅಷ್ಟು ಸುಲಭವಿರಲಿಲ್ಲ. ಮೊದಲ ದಿನ ಆತುರದಲ್ಲಿ, ಸಾಲು ಮುಗಿಯುವ ಮೊದಲೇ ಹ್ಞೂಂ ಅಂದೆ. ಅತ್ತೆ ಅದೇ ಸಾಲನ್ನು ಮತ್ತೆ ಓದಿದರು. ಮನಸ್ಸು ಶುಕ್ರವಾರದ ಕಡೆ ಹೋದಾಗ ಅಂದ ಹ್ಞೂಂ ಕೂಡ ಅವರಿಗೆ ತಿಳಿಯುತ್ತಿತ್ತು. ಹೇಗೆ ತಿಳಿಯುತ್ತಿತ್ತೋ, ನಮ್ಮ ಯಾವ ಸಲಕರಣೆಯೂ ಅದನ್ನು ಅಳೆಯಲಾರದು. ಎರಡನೆಯ ದಿನ ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಸಾಲನ್ನು ಪೂರ್ತಿ ಓದಿ, ಅದರಲ್ಲಿರುವ ಮನುಷ್ಯರನ್ನು ಒಮ್ಮೆ ಕಣ್ಣ ಮುಂದೆ ತಂದುಕೊಂಡು, ಆಮೇಲೆ ಹ್ಞೂಂ ಅನ್ನಲು ಕಲಿತೆ. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದೂ, ಈ ಹೆಂಗಸು ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮೂಗಿಗೆ ಮಸಿ ಹತ್ತಿಸಿಕೊಂಡು ಮನೆಗೆ ಬಂದು ಬೈಸಿಕೊಂಡಿದ್ದನ್ನು ನಾನು ಮೊದಲ ಸಲ ಕೇಳಿದೆ.

ಶುಕ್ರವಾರ ಡಾ. ಹಂಚಿನಮನಿ ಮತ್ತು ಹೊರಗಿನಿಂದ ಬಂದ ಇನ್ನಿಬ್ಬರು ಡಾಕ್ಟರು ಕುಳಿತಿದ್ದರು. ನನ್ನ ಗಂಡ ಗೋಡೆಗೆ ಒರಗಿ ನಿಂತಿದ್ದರು. ನಾನು ಅತ್ತೆಯ ಎದುರಿಗೆ ಕುಳಿತೆ. ಸೋಮವಾರ, ಹ್ಞೂಂ. ಕಾಗದದ ಬಂಡಿ, ಹ್ಞೂಂ. ಹದಿಮೂರು ಸಾಲು ಸರಾಗವಾಗಿ ಬಂದವು. ಹದಿನಾಲ್ಕನೆಯದು ಪರದೆಯ ಮೇಲೆ ಮೂಡಿತು:

‘ನನ್ನ ಸೊಸೆ ನೀಲಾಂಬಿಕಾ ಈ ಮನೆಗೆ ಬಂದಂದಿನಿಂದ ದಿನಾಲೂ ನಸುಕಿನ ನಾಲ್ಕಕ್ಕೆ ಏಳುತ್ತಾಳೆ ಫುಲ್‌ಸ್ಟಾಪ್.’

ಚೌಕ ತೆರೆಯಿತು. ಹತ್ತು ಸೆಕೆಂಡು. ಇಪ್ಪತ್ತು. ಹೊರಗಿನ ಡಾಕ್ಟರೊಬ್ಬರು ಬರೆಯಲು ಪೆನ್ನು ತೆಗೆದರು.

“ಹ್ಞೂಂ ಅನ್ರಿ,” ಎಂದರು ಡಾ. ಹಂಚಿನಮನಿ ಪಿಸುದನಿಯಲ್ಲಿ.

“ಇದು ತಪ್ಪೈತ್ರಿ ಅತ್ಯಾರ,” ಎಂದೆ ನಾನು. “ಆರಕ್ಕ ಏಳ್ತೀನಿ.”

“ಆರೂವರಿ,” ಎಂದರು ನನ್ನ ಗಂಡ ಹಿಂದಿನಿಂದ.

ಅತ್ತೆಯ ಬಾಯಿಯ ಎಡಮೂಲೆ ಮೇಲಕ್ಕೆ ಹೋಯಿತು. ಎಂಟು ತಿಂಗಳಿಂದ ನಾನು ಅದನ್ನು ನೋಡಿರಲಿಲ್ಲ.

‘ಆರೂವರೆಗೆ ಏಳುತ್ತಾಳೆ ಕಾಮಾ ಅದೂ ಎಬ್ಬಿಸಿದರೆ ಫುಲ್‌ಸ್ಟಾಪ್.’

“ಹ್ಞೂಂ,” ಎಂದೆ. ಕೋಣೆಯಲ್ಲಿ ಎಲ್ಲರೂ ನಗುತ್ತಿದ್ದರು.

ಡಾ. ಹಂಚಿನಮನಿ ಕನ್ನಡಕ ತೆಗೆದು ಒರೆಸಿದರು. “ಬೇಕಂತನ ಸುಳ್ಳು ಹೇಳಿ ಎದುರಿನವರನ್ನ ಪರೀಕ್ಷೆ ಮಾಡೂ ಮಿದುಳು ಜಾಡು ಹಿಡದೈತಿ ಅಂತ ನಾ ಹೆಂಗ ಬರೀಲಿ?” ಎಂದು ಸಹೋದ್ಯೋಗಿಗಳನ್ನು ಕೇಳಿದರು. ಅವರೂ ಸಹಿ ಮಾಡಿದರು. ಪಟ್ಟಿ ಅತ್ತೆಯಲ್ಲಿಯೇ ಉಳಿಯಿತು.

ಸಂತೋಷ ಪೂರ್ತಿಯಾದದ್ದೆಂದು ಹೇಳಲಾರೆ. ಏಳನೆಯ ನಿಯಮ ಓಡಿದ ಅಷ್ಟೂ ವರ್ಷಗಳ ಕಚ್ಚಾ ಕಡತಗಳನ್ನು ನಾನು ಮರುವಾರ ಮತ್ತೆ ಹೊಸ ಹಾಳೆಯ ಮೂಲಕ ಹಾಯಿಸಿದೆ. ಜಾಡು ಹಿಡಿದಿದೆ ಎಂದು ಪಟ್ಟಿ ಬಿಚ್ಚಿಸಿಕೊಂಡವರು ಮೂವರಿದ್ದರು. ಇಬ್ಬರ ಕಡತದಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಮೂರನೆಯವರು ಒಬ್ಬ ನೇಕಾರರು. ಅವರ ಪುಟದ ತುಂಬ ಚೌಕಗಳು ಸಮ ಅಂತರದಲ್ಲಿ ಬಂದವು. ಅವರು ಯಾವುದನ್ನು ಕಾಯುತ್ತಿದ್ದರೋ ಗೊತ್ತಿಲ್ಲ. ಮಗ್ಗದ ಸದ್ದಿರಬೇಕು ಎನ್ನುತ್ತಾರೆ ಅವರ ಹೆಂಡತಿ. ಅವರ ಹೆಸರನ್ನು ಡಾಕ್ಟರು ಯಾದಿಯ ಮೇಲ್ಭಾಗಕ್ಕೆ ಸೇರಿಸಿದ್ದಾರೆ. ಅವರ ಕೆಳಗೆ ರೋಣದ ಶಿಕ್ಷಕಿಯ ಹೆಸರು ಇನ್ನೂ ಇದೆ. ಹೊಸ ಪಟ್ಟಿಗಳು ಬರಲು ಆರು ವಾರ ಬೇಕಂತೆ. ಪ್ರತಿ ಬೆಳಿಗ್ಗೆ ಯಾದಿ ಅಚ್ಚು ಮಾಡುವಾಗ ಆ ಹೆಸರನ್ನು ನಾನು ತಪ್ಪದೆ ಓದುತ್ತೇನೆ.

ಈಗ ಸಂಜೆ ರೊಟ್ಟಿ ಬಡಿಯುವವಳು ನಾನು. ಅತ್ತೆಯ ಕುರ್ಚಿಯನ್ನು ಅಡುಗೆಮನೆಯ ಮೇಜಿನ ಬಳಿಗೆ, ಮೊದಲು ನಾನು ಕೂಡುತ್ತಿದ್ದ ಜಾಗಕ್ಕೆ ತಂದಿಟ್ಟಿದ್ದೇನೆ. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟರೆ ಹಿಟ್ಟಿನ ಕೈ ಇದ್ದರೂ ಓದಬಹುದು. ದಿನಕ್ಕೆ ಎರಡು ಪುಟ ಸಾಗುತ್ತದೆ. ಅತ್ತೆಯ ಈ ಪುಟಗಳು ಪುಸ್ತಕವಾಗುವಾಗ ಚೌಕಗಳನ್ನು ಇಡಬೇಕೋ ತೆಗೆಯಬೇಕೋ ಎಂದು ನಾನು ಕೇಳಿದ್ದೆ. ‘ಇಡಬೇಕು ಫುಲ್‌ಸ್ಟಾಪ್’ ಎಂದು ಪರದೆಯ ಮೇಲೆ ಬಂದಿತು.

ಮೊನ್ನೆ ಗುರುವಾರ, ಮೂರನೆಯ ರೊಟ್ಟಿ ತವೆಯ ಮೇಲಿದ್ದಾಗ, ಪ್ರೆಸ್ಸು ಮುಚ್ಚಿದ ಅಧ್ಯಾಯ ಮುಗಿದು ಹೊಸ ಪ್ಯಾರಾ ಶುರುವಾಯಿತು.

‘ಆಮೇಲೆ ಸಂಜೆ ಹೊತ್ತು ರೊಟ್ಟಿ ಬಡಿಯುತ್ತ ನನ್ನ ಸೊಸೆಗೆ ಓದಿ ಹೇಳತೊಡಗಿದೆನು ಕಾಮಾ ಆಕೆ ಕಂಪ್ಯೂಟರಿನಿಂದ ಕಣ್ಣೆತ್ತದೆ ಹ್ಞೂಂ ಅನ್ನುತ್ತಿದ್ದಳು ಫುಲ್‌ಸ್ಟಾಪ್.’

ನನ್ನ ಕೈ ನಿಂತಿತು. “ಹ್ಞೂಂ,” ಎಂದೆ.

‘ನಾನು ಆನೆ ಹಾಕಿದೆನು ಕಾಮಾ ಹಡಗು ಹಾಕಿದೆನು ಕಾಮಾ ಒಂದು ದಿನ ನಮ್ಮ ಮಾಲಕರಿಗೆ ಬಾಲ ಬಂದಿತ್ತೆಂದೂ ಹೇಳಿದೆನು ಕಾಮಾ ಎಲ್ಲದಕ್ಕೂ ಹ್ಞೂಂ ಅಂದಳು ಫುಲ್‌ಸ್ಟಾಪ್.’

ನಗು ಬಂದಿತು. ನಗುತ್ತಲೇ ತಿರುಗಿದೆ. ಅತ್ತೆ ನೇರವಾಗಿ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ.

“ಹ್ಞೂಂ,” ಎಂದೆ ಸಣ್ಣಗೆ.

ಮುಂದಿನ ಸಾಲು ಬರಲು ಬಹಳ ಹೊತ್ತಾಯಿತು.

‘ಆಕೆ ಕೇಳುತ್ತಿಲ್ಲವೆಂದು ನನಗೆ ಗೊತ್ತಿತ್ತು ಕಾಮಾ ಆದರೆ ಒಂದು ಸಂಜೆಯೂ ಎದ್ದು ಬೇರೆ ಕೋಣೆಗೆ ಹೋಗಲಿಲ್ಲ ಫುಲ್‌ಸ್ಟಾಪ್.’

ಚೌಕ ತೆರೆಯಿತು. ಅದರೊಳಗೆ ಸೆಕೆಂಡುಗಳು ಓಡತೊಡಗಿದವು. ಇದು ಆನೆಯೋ, ನಿಜವೋ? ನಾನು ಆತುರಪಡಲಿಲ್ಲ. ಬೇರೆ ಕೋಣೆಯಲ್ಲಿ ಒಳ್ಳೆಯ ಮೇಜಿತ್ತು, ಫ್ಯಾನಿತ್ತು. ಈ ಅಡುಗೆಮನೆಯಲ್ಲಿ ಬೇಸಿಗೆಯ ಸಂಜೆ ಕುಳಿತರೆ ಬೆನ್ನು ತೊಯ್ದುಹೋಗುತ್ತಿತ್ತು. ಎದ್ದು ಹೋಗಲು ನೂರು ಕಾರಣಗಳಿದ್ದವು. ಒಂದೊಂದೇ ವರ್ಷವನ್ನು ತೆಗೆದು, ಬೆರಳಿಟ್ಟು, ನೋಡುತ್ತ ಹೋದೆ. ಪ್ರೆಸ್ಸು ಮುಚ್ಚಿದ ವರ್ಷ, ಮಾವನವರು ತೀರಿಕೊಂಡ ವರ್ಷ, ನನಗೆ ಆಸ್ಪತ್ರೆಯ ಕೆಲಸ ಸಿಕ್ಕ ವರ್ಷ. ತವೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು. ಅತ್ತೆ ಕಾಯುತ್ತಿದ್ದರು.

ಸಾಲು ಸರಿಯಾಗಿತ್ತು.

“ಹ್ಞೂಂ,” ಎಂದೆ.